ಕಂಟೇನರಿನೊಳಗಿನ ಹಂಚಿಕೆ ಫೋಲ್ಡರು ಮತ್ತು ಅನುಮತಿಯ ಲೆಕ್ಕ

ಜಾಲದ ಮೇಲೆ ಹಂಚಿಕೊಂಡ ಫೋಲ್ಡರೊಂದು ಪಾಸ್‌ವರ್ಡನ್ನು ಒಪ್ಪಿಕೊಂಡು, ಒಳಗಿನ ಕಡತಗಳ ಪಟ್ಟಿಯನ್ನು ತೋರಿಸಿ, ಅವುಗಳನ್ನು ತೆರೆಯಲೂ ಬಿಟ್ಟು, ತಿದ್ದಿದ್ದನ್ನು ಉಳಿಸಲು ಹೋದಾಗ ಮಾತ್ರ ಪ್ರವೇಶವಿಲ್ಲವೆಂದು ಹೇಳಿದರೆ, ಬಳಕೆದಾರರು ಸಾಮಾನ್ಯವಾಗಿ ಅನುಮಾನಿಸುವುದು ಪಾಸ್‌ವರ್ಡನ್ನು, ಇಲ್ಲವೇ ಜಾಲದ ಸಂಪರ್ಕವನ್ನು. ಆದರೆ ಕಡತಗಳು ತೆರೆದುಕೊಂಡಿವೆ ಎಂಬುದೇ ಇವೆರಡೂ ಸರಿಯಾಗಿವೆ ಎಂಬುದಕ್ಕೆ ಸಾಕ್ಷಿ. ತೊಂದರೆ ಇರುವುದು ಅದಕ್ಕೂ ಕೆಳಗಿನ ಪದರದಲ್ಲಿ, ಯಾವ ಕಡತ ಯಾರದು ಎಂಬುದನ್ನು ಕಾರ್ಯಾಚರಣ ವ್ಯವಸ್ಥೆ ಬರೆದಿಟ್ಟುಕೊಳ್ಳುವ ಕ್ರಮದಲ್ಲಿ. ಹಂಚಿಕೆಯ ತಂತ್ರಾಂಶವು ಕಂಟೇನರಿನೊಳಗೆ ನಡೆಯುತ್ತಿದ್ದರೆ, ಅಂದರೆ ತನಗೆ ಬೇಕಾದ ಲೈಬ್ರರಿಗಳು ಮತ್ತು ಸಂರಚನೆಯ ಕಡತಗಳ ಸಮೇತ ಕಟ್ಟಿಡಲ್ಪಟ್ಟು ಯಂತ್ರದ ಉಳಿದ ಭಾಗದಿಂದ ಬೇರ್ಪಟ್ಟು ನಡೆಯುತ್ತಿದ್ದರೆ, ಅಂಥ ಬರಹದ ಪುಸ್ತಕಗಳು ಒಂದಕ್ಕಿಂತ ಹೆಚ್ಚಾಗುತ್ತವೆ, ಮತ್ತು ಅವು ಪರಸ್ಪರ ಹೊಂದಿಕೊಂಡೇ ಇರಬೇಕೆಂಬ ನಿಯಮವೇನೂ ಇಲ್ಲ.

ಈ ಲೆಕ್ಕದ ಬೇರು ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿದೆ. 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅಲ್ಲಿ ಕಟ್ಟತೊಡಗಿದ ಯುನಿಕ್ಸ್ ವ್ಯವಸ್ಥೆಯು ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸಲೆಂದು ರೂಪುಗೊಂಡದ್ದರಿಂದ, ಒಬ್ಬರ ಕಡತವನ್ನು ಇನ್ನೊಬ್ಬರು ಕೆಡಿಸದಂತೆ ಕಾಯುವ ಏರ್ಪಾಡು ಅದಕ್ಕೆ ಮೊದಲ ವರ್ಷಗಳಿಂದಲೇ ಬೇಕಾಯಿತು. ಆಗ ಯಂತ್ರಗಳ ಸ್ಮರಣೆ ಬಹಳ ಕಿರಿದಾಗಿತ್ತು; ಪ್ರತಿ ಕಡತದ ಜೊತೆ ಮಾಲೀಕರ ಹೆಸರನ್ನು ಬರೆಯುವ ಬದಲು ಒಂದು ಸಂಖ್ಯೆಯನ್ನು ಬರೆದು, ಆ ಸಂಖ್ಯೆ ಯಾರದೆಂಬುದನ್ನು ಪಾಸ್‌ವರ್ಡ್ ಕಡತವೆಂಬ ಬೇರೊಂದು ಕಡತದಲ್ಲಿ ಪಟ್ಟಿ ಮಾಡಿಡುವುದು ಮಿತವ್ಯಯದ ದಾರಿಯಾಗಿತ್ತು. ಆ ದಾರಿ ಇಂದಿನ ಲಿನಕ್ಸ್‌ನಲ್ಲೂ ಹಾಗೆಯೇ ಉಳಿದಿದೆ. ಪ್ರತಿ ಕಡತಕ್ಕೂ ಫೋಲ್ಡರಿಗೂ ಐನೋಡ್ ಎಂಬ ಪುಟ್ಟ ದಾಖಲೆಯೊಂದಿರುತ್ತದೆ. ಗಾತ್ರ, ತಿದ್ದಿದ ವೇಳೆ, ಡಿಸ್ಕಿನಲ್ಲಿರುವ ಜಾಗ ಇವುಗಳ ಜೊತೆಗೆ ಮಾಲೀಕನ ಸಂಖ್ಯೆ, ಗುಂಪಿನ ಸಂಖ್ಯೆ ಮತ್ತು ಅನುಮತಿಯ ಬಿಟ್‌ಗಳು ಅಲ್ಲಿರುತ್ತವೆ, ಆದರೆ ಯಾರ ಹೆಸರೂ ಇರುವುದಿಲ್ಲ. ಪರದೆಯ ಮೇಲೆ ಕಾಣುವ ಹೆಸರುಗಳೆಲ್ಲ ಪಟ್ಟಿ ತೋರಿಸುವ ತಂತ್ರಾಂಶವು ಆ ಕ್ಷಣದಲ್ಲಿ ಪಾಸ್‌ವರ್ಡ್ ಕಡತವನ್ನು ನೋಡಿ ತುಂಬಿದವು. ಸಂಖ್ಯೆ ಸೊನ್ನೆಯಾದರೆ ಅದು ರೂಟ್, ಅಂದರೆ ಎಲ್ಲ ತಪಾಸಣೆಗಳನ್ನೂ ದಾಟಬಲ್ಲ ಆಡಳಿತಗಾರ. ಲಿನಕ್ಸ್‌ನ ರೂಪಗಳಾದ ಡೆಬಿಯನ್ ಮತ್ತು ಉಬುಂಟುಗಳಲ್ಲಿ ಯಂತ್ರವನ್ನು ಸ್ಥಾಪಿಸುವಾಗ ಸೃಷ್ಟಿಯಾಗುವ ಮೊದಲ ಸಾಮಾನ್ಯ ಬಳಕೆದಾರನಿಗೆ 1000 ಎಂಬ ಸಂಖ್ಯೆ ಸಿಗುತ್ತದೆ.

ಅನುಮತಿಯ ಬಿಟ್‌ಗಳು ಒಂಬತ್ತು. ಮಾಲೀಕ, ಗುಂಪು, ಉಳಿದವರು ಎಂಬ ಮೂರು ವರ್ಗಗಳಿಗೆ ಓದುವ, ಬರೆಯುವ, ಚಲಾಯಿಸುವ ಮೂರು ಹಕ್ಕುಗಳಂತೆ ಅವು ಜೋಡಣೆಗೊಂಡಿದ್ದು, ಓದಿಗೆ 4, ಬರಹಕ್ಕೆ 2, ಚಾಲನೆಗೆ 1 ಎಂದು ಕೂಡಿಸಿ ಒಂದೊಂದು ವರ್ಗಕ್ಕೆ ಒಂದೊಂದು ಅಂಕಿಯನ್ನು ಬರೆಯುವುದು ವಾಡಿಕೆ. 755 ಎಂದರೆ ಮಾಲೀಕನಿಗೆ ಮೂರೂ ಹಕ್ಕುಗಳು, ಗುಂಪಿಗೂ ಉಳಿದವರಿಗೂ ಓದು ಮತ್ತು ಚಾಲನೆ ಮಾತ್ರ. ಇಷ್ಟನ್ನು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಕೈಪಿಡಿಗಳು ಬೇಗ ದಾಟಿಹೋಗುವ, ಆದರೆ ಹಂಚಿಕೆ ಫೋಲ್ಡರುಗಳಲ್ಲಿ ನಿಜವಾಗಿ ತೊಡಕಾಗುವ ಎರಡು ಸಂಗತಿಗಳು ಬೇರೆ ಇವೆ.

ಮೊದಲನೆಯದು, ಈ ಮೂರು ಹಕ್ಕುಗಳು ಫೋಲ್ಡರಿನ ಮಟ್ಟಿಗೆ ಬೇರೆಯದೇ ಅರ್ಥವನ್ನು ಪಡೆಯುತ್ತವೆ. ಫೋಲ್ಡರೆಂದರೆ ಹೆಸರುಗಳ ಪಟ್ಟಿಯಾದ್ದರಿಂದ, ಅದನ್ನು ಓದುವ ಹಕ್ಕೆಂದರೆ ಹೆಸರುಗಳನ್ನು ನೋಡುವ ಹಕ್ಕು, ಬರೆಯುವ ಹಕ್ಕೆಂದರೆ ಹೆಸರನ್ನು ಸೇರಿಸುವ, ಅಳಿಸುವ, ಬದಲಿಸುವ ಹಕ್ಕು, ಚಲಾಯಿಸುವ ಹಕ್ಕೆಂದರೆ ಅದನ್ನು ಹಾದು ಒಳಗೆ ಹೋಗುವ ಹಕ್ಕು. ಹಾಗಾಗಿ ಒಂದು ಕಡತವನ್ನು ಅಳಿಸಲು ಆ ಕಡತದ ಮೇಲೆ ಬರೆಯುವ ಹಕ್ಕು ಬೇಕಾಗಿಯೇ ಇಲ್ಲ, ಅದು ಇರುವ ಫೋಲ್ಡರಿನ ಮೇಲಿದ್ದರೆ ಸಾಕು; ಮತ್ತು ಐದು ಹಂತ ಒಳಗಿರುವ ಕಡತಕ್ಕೆ ಎಲ್ಲ ಹಕ್ಕುಗಳನ್ನು ಕೊಟ್ಟರೂ ದಾರಿಯ ಯಾವುದೋ ಒಂದು ಫೋಲ್ಡರಿನಲ್ಲಿ ಹಾದುಹೋಗುವ ಹಕ್ಕಿಲ್ಲದಿದ್ದರೆ ಅದನ್ನು ತಲುಪಲಾಗುವುದಿಲ್ಲ. ಎರಡನೆಯದು, ಕರ್ನಲ್ (ವ್ಯವಸ್ಥೆಯ ಒಳತಿರುಳಾಗಿ, ಯಂತ್ರಾಂಶವನ್ನೂ ಕಡತಗಳನ್ನೂ ನೇರವಾಗಿ ನಿಭಾಯಿಸುವ ತಂತ್ರಾಂಶ) ಈ ಮೂರು ವರ್ಗಗಳನ್ನು ಒಂದಾದ ಮೇಲೊಂದರಂತೆ ನೋಡಿ, ಅನ್ವಯವಾಗುವ ಮೊದಲ ವರ್ಗದಲ್ಲೇ ನಿಂತುಬಿಡುತ್ತದೆ. ಕೇಳಿದಾತ ಮಾಲೀಕನಾಗಿದ್ದು ಮಾಲೀಕನಿಗೆ ಬರೆಯುವ ಹಕ್ಕಿಲ್ಲದಿದ್ದರೆ, ಆತ ಸದಸ್ಯನಾಗಿರುವ ಗುಂಪಿಗೆ ಆ ಹಕ್ಕಿದ್ದರೂ ಅದರಿಂದ ಆತನಿಗೆ ಉಪಯೋಗವಿಲ್ಲ.

ಕಂಟೇನರುಗಳ ವಿಚಾರಕ್ಕೆ ಬಂದರೆ, ಅವುಗಳ ಪೂರ್ವಜನೆಂದು ಹೇಳಬಹುದಾದ ಚ್‌ರೂಟ್ ಎಂಬ ಸೌಲಭ್ಯ 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲೇ ಇತ್ತು. ಒಂದು ತಂತ್ರಾಂಶಕ್ಕೆ ಯಂತ್ರದ ಒಂದು ಫೋಲ್ಡರನ್ನೇ ಇಡೀ ಕಡತವ್ಯವಸ್ಥೆಯೆಂಬಂತೆ ತೋರಿಸುವುದು ಅದರ ಕೆಲಸ. ಆನಂತರ ಲಿನಕ್ಸ್ ಕರ್ನಲ್ಲಿಗೆ ನೇಮ್‌ಸ್ಪೇಸ್‌ಗಳು ಒಂದೊಂದಾಗಿ ಸೇರಿದವು. ನೇಮ್‌ಸ್ಪೇಸ್ ಎಂದರೆ ಒಂದು ಪ್ರೋಸೆಸ್ಸಿಗೆ, ಅಂದರೆ ನಡೆಯುತ್ತಿರುವ ತಂತ್ರಾಂಶಕ್ಕೆ, ಕಾಣುವ ಲೋಕವನ್ನು ಸೀಮಿತಗೊಳಿಸುವ ಆವರಣ; ಕಡತಗಳಿಗೆ ಒಂದು, ಜಾಲಕ್ಕೆ ಒಂದು, ಪ್ರೋಸೆಸ್ಸುಗಳ ಪಟ್ಟಿಗೆ ಇನ್ನೊಂದು. ಇವೆಲ್ಲವನ್ನೂ ಒಟ್ಟು ಜೋಡಿಸಿ ಸಾಮಾನ್ಯ ಬಳಕೆದಾರರ ಕೈಗೆಟಕುವಂತೆ ಮಾಡಿದ ಡಾಕರ್ ತಂತ್ರಾಂಶವನ್ನು ಸಾಲೊಮನ್ ಹೈಕ್ಸ್ 2013ರ ಮಾರ್ಚ್‌ನಲ್ಲಿ ಪೈಥಾನ್ ಸಮ್ಮೇಳನವೊಂದರಲ್ಲಿ ಮೊದಲು ಸಾರ್ವಜನಿಕವಾಗಿ ತೋರಿಸಿದರು. ಇಲ್ಲಿ ಗಮನಿಸಲೇಬೇಕಾದದ್ದೆಂದರೆ, ಯಂತ್ರವೊಂದರಲ್ಲಿ ಎಷ್ಟು ಕಂಟೇನರುಗಳಿದ್ದರೂ ಕರ್ನಲ್ ಒಂದೇ. ಪ್ರತಿ ಕಂಟೇನರಿಗೂ ತನ್ನದೇ ಪಾಸ್‌ವರ್ಡ್ ಕಡತ, ತನ್ನದೇ ಗುಂಪುಗಳ ಕಡತ ಇರುತ್ತವೆ, ಏಕೆಂದರೆ ಅವು ಕಂಟೇನರಿನ ಮೂಲಪ್ರತಿಯಾದ ಇಮೇಜಿನೊಳಗೇ ಬಂದಿರುತ್ತವೆ. ಆದರೆ ಅನುಮತಿಯನ್ನು ತೀರ್ಮಾನಿಸುವ ಕರ್ನಲ್ ಆ ಕಡತಗಳನ್ನು ಎಂದೂ ತೆರೆದು ನೋಡುವುದಿಲ್ಲ.

ಇದರ ಪರಿಣಾಮ ವಿಚಿತ್ರವಾದುದು. ಜಾಲತಾಣಗಳನ್ನು ನಡೆಸುವ ತಂತ್ರಾಂಶಗಳಿಗೆಂದು ಮೀಸಲಾದ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬಳಕೆದಾರನ ಸಂಖ್ಯೆ ಡೆಬಿಯನ್ ಆಧಾರಿತ ಇಮೇಜುಗಳಲ್ಲಿ 33, ಗಾತ್ರದಲ್ಲಿ ಚಿಕ್ಕದೆಂದು ಜನಪ್ರಿಯವಾದ ಆಲ್ಪೈನ್ ಆಧಾರಿತ ಇಮೇಜುಗಳಲ್ಲಿ 82. ಪೋಸ್ಟ್‌ಗ್ರೆಸ್ ದತ್ತಾಂಶ ತಂತ್ರಾಂಶದ ಅಧಿಕೃತ ಇಮೇಜಿನಲ್ಲಿ ಅದೇ ಹೆಸರಿನ ಬಳಕೆದಾರನಿಗೆ ಡೆಬಿಯನ್ ರೂಪದಲ್ಲಿ 999, ಆಲ್ಪೈನ್ ರೂಪದಲ್ಲಿ 70. ಒಂದರ ಬದಲು ಇನ್ನೊಂದನ್ನು ಹಾಕಿದ ಕೂಡಲೇ, ನಿನ್ನೆಯವರೆಗೆ ತನ್ನದೇ ಆಗಿದ್ದ ಫೋಲ್ಡರಿಗೆ ತಂತ್ರಾಂಶವು ಹೊರಗಿನದಾಗಿಬಿಡುತ್ತದೆ, ಹೆಸರಿನ ಒಂದಕ್ಷರವೂ ಬದಲಾಗದಿದ್ದರೂ. ಕಂದಾಯ ದಾಖಲೆಯಲ್ಲಿ ಸರ್ವೆ ನಂಬರು ಒಂದೇ ಬರುವುದಿಲ್ಲ, ಅದರ ಜೊತೆ ಗ್ರಾಮ, ಹೋಬಳಿ, ತಾಲ್ಲೂಕು ಇರುತ್ತವೆ, ಏಕೆಂದರೆ ಸರ್ವೆ ನಂಬರು 33 ಪ್ರತಿ ಊರಿನಲ್ಲೂ ಇರಬಹುದು ಮತ್ತು ಪ್ರತಿ ಊರಿನಲ್ಲೂ ಅದರ ಖಾತೆದಾರ ಬೇರೆ. ಐನೋಡಿನಲ್ಲಾದರೋ ಬರಿಯ 33 ಇರುತ್ತದೆಯೇ ಹೊರತು ಅದು ಯಾವ ಕಂಟೇನರಿನ 33 ಎಂಬ ಉಲ್ಲೇಖ ಇರುವುದಿಲ್ಲ.

ಕಂಟೇನರುಗಳು ತಮ್ಮೊಳಗೇ ಕಡತಗಳನ್ನು ಇಟ್ಟುಕೊಂಡಿರುವವರೆಗೆ ಇದರಿಂದ ತೊಂದರೆಯಿಲ್ಲ. ಆದರೆ ಕಂಟೇನರನ್ನು ತೆಗೆದುಹಾಕಿದರೆ ಒಳಗಿನದೂ ಅಳಿದುಹೋಗುತ್ತದೆಯಾದ್ದರಿಂದ, ಉಳಿಯಬೇಕಾದ ದತ್ತಾಂಶವನ್ನು ಹೋಸ್ಟ್ ಯಂತ್ರದ, ಅಂದರೆ ಕಂಟೇನರುಗಳನ್ನು ನಡೆಸುವ ಮೂಲ ಯಂತ್ರದ, ಫೋಲ್ಡರಿನಲ್ಲಿಟ್ಟು ಅದನ್ನು ಕಂಟೇನರಿನೊಳಗೆ ಕಾಣುವಂತೆ ಮಾಡುತ್ತಾರೆ. ಬೈಂಡ್ ಮೌಂಟ್ ಎಂಬ ಈ ಜೋಡಣೆಯಲ್ಲಿ ನಕಲು ಇಲ್ಲ, ಅನುವಾದವೂ ಇಲ್ಲ. ಒಂದೇ ಐನೋಡಿಗೆ ಎರಡು ದಾರಿಗಳಿರುತ್ತವೆ. ಜೋಡಿಸಬೇಕಾದ ಫೋಲ್ಡರು ಹೋಸ್ಟಿನಲ್ಲಿ ಇಲ್ಲದಿದ್ದರೆ ಡಾಕರಿನ ಸಂಕ್ಷಿಪ್ತ ವಾಲ್ಯೂಮ್ ಆಯ್ಕೆಯು ಅದನ್ನು ತಾನೇ ಸೃಷ್ಟಿಸುತ್ತದೆ, ಮತ್ತು ಡಾಕರಿನ ಸೇವೆ ರೂಟ್ ಆಗಿ ನಡೆಯುವುದರಿಂದ ಹಾಗೆ ಹುಟ್ಟಿದ ಫೋಲ್ಡರಿನ ಮಾಲೀಕ ಸೊನ್ನೆ ಸಂಖ್ಯೆಯವನಾಗುತ್ತಾನೆ. ಹೊಸದಾಗಿ ಹಂಚಿಕೆ ಸರ್ವರನ್ನು ಕಟ್ಟಿದವರು ಎದುರಿಸುವ ಮೊದಲ ನಿರಾಕರಣೆಗೆ ಬಹಳ ಸಲ ಕಾರಣ ಇಷ್ಟೇ. ಅದೇ ಡಾಕರಿನ ದೀರ್ಘ ಮೌಂಟ್ ಆಯ್ಕೆಯು ಫೋಲ್ಡರಿಲ್ಲದಿದ್ದರೆ ದೋಷವನ್ನು ವರದಿ ಮಾಡಿ ನಿಂತುಬಿಡುತ್ತದೆ. ಮೌನವಾಗಿ ತಪ್ಪು ಮಾಡುವುದಕ್ಕಿಂತ ನಿಲ್ಲುವುದು ಮೇಲಾದ್ದರಿಂದ ಅದನ್ನೇ ಆಯ್ದುಕೊಳ್ಳುವುದು ಒಳಿತು.

ಇದರ ಮೇಲೆ ಹಂಚಿಕೆಯ ತಂತ್ರಾಂಶದ ಪದರ ಕೂರುತ್ತದೆ. ವಿಂಡೋಸ್ ಯಂತ್ರಗಳು ಫೋಲ್ಡರುಗಳನ್ನು ಹಂಚಿಕೊಳ್ಳುವ ಎಸ್‌ಎಂಬಿ ಎಂಬ ಭಾಷೆಯು 1980ರ ದಶಕದ ಆರಂಭದಲ್ಲಿ ಐಬಿಎಂನ ಬ್ಯಾರಿ ಫೈಗನ್‌ಬಾಮ್ ಅವರ ಕೈಯಲ್ಲಿ ಹುಟ್ಟಿ, ಮೈಕ್ರೋಸಾಫ್ಟಿನಲ್ಲಿ ಬೆಳೆಯಿತು. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ 1991ರ ಕೊನೆಯ ಹೊತ್ತಿಗೆ, ಜಾಲದಲ್ಲಿ ಹರಿಯುವ ಸಂದೇಶಗಳನ್ನು ಗಮನಿಸಿ ಅವುಗಳ ವಿನ್ಯಾಸವನ್ನು ಊಹಿಸುತ್ತ, ಯುನಿಕ್ಸ್ ಯಂತ್ರವೊಂದು ಅದೇ ಭಾಷೆಯಲ್ಲಿ ಉತ್ತರ ಕೊಡುವಂತೆ ಮಾಡಿದರು; ಮುಂದೆ ಸಾಂಬಾ ಎಂದು ಹೆಸರಾದ ತಂತ್ರಾಂಶ ಅದೇ. ಮೈಕ್ರೋಸಾಫ್ಟ್ ತನ್ನ ಕಡೆಯ ದಾಖಲೆಗಳನ್ನು ಒದಗಿಸುವ ಒಪ್ಪಂದಕ್ಕೆ ಬಂದದ್ದು ತನ್ನ ವಿರುದ್ಧದ ಯುರೋಪಿನ ಸ್ಪರ್ಧಾ ಕಾನೂನಿನ ಪ್ರಕರಣ ಮುಗಿದ ಮೇಲೆ, 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಸಾಂಬಾ ಸುಮಾರು ಹದಿನಾರು ವರ್ಷ ಹೊರಗಿನಿಂದ ನೋಡಿಯೇ ಕಲಿತಿತ್ತು. ಇಂದು ಮನೆಯ ಪುಟ್ಟ ಸಂಗ್ರಹ ಯಂತ್ರಗಳಿಂದ ಹಿಡಿದು ಕಾರ್ಖಾನೆಗಳ ಸರ್ವರುಗಳವರೆಗೆ ಅದು ಹಬ್ಬಿರುವುದು ಆ ತಾಳ್ಮೆಯ ಫಲ.

ಸಾಂಬಾದ ಸಂದಿಗ್ಧವೆಂದರೆ ಅದು ಎರಡು ಬೇರೆ ಬೇರೆ ಅನುಮತಿ ಪದ್ಧತಿಗಳ ನಡುವೆ ನಿಂತಿದೆ. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯಲ್ಲಿ ಪ್ರತಿ ಕಡತಕ್ಕೂ ಯಾರಿಗೆ ಏನು ಸಲ್ಲುತ್ತದೆ ಎಂಬ ಪಟ್ಟಿಯೊಂದನ್ನು ಎಷ್ಟು ಉದ್ದ ಬೇಕಾದರೂ ಬರೆಯಬಹುದು, ಮತ್ತು ಅಲ್ಲಿ ವ್ಯಕ್ತಿಯನ್ನು ಗುರುತಿಸುವುದು ಯಂತ್ರದ ಅಥವಾ ಸಂಸ್ಥೆಯ ಗುರುತನ್ನೂ ಒಳಗೊಂಡ ಉದ್ದನೆಯ ಸಂಕೇತ. ಯುನಿಕ್ಸಿನಲ್ಲಿರುವುದು ಒಂಬತ್ತು ಬಿಟ್‌ಗಳು ಮತ್ತು ಎರಡು ಸಂಖ್ಯೆಗಳು. ಹೊರಗಿನಿಂದ ಬಂದ ಬಳಕೆದಾರರನ್ನು ಹೆಸರು ಮತ್ತು ಪಾಸ್‌ವರ್ಡಿನಿಂದ ಗುರುತಿಸಿದ ಮೇಲೆ, ಸಾಂಬಾ ಆ ಹೆಸರಿಗೆ ಕಂಟೇನರಿನೊಳಗಿನ ಪಾಸ್‌ವರ್ಡ್ ಕಡತದಲ್ಲಿ ಯಾವ ಸಂಖ್ಯೆಯಿದೆಯೋ ಅದನ್ನು ಧರಿಸಿಕೊಂಡು ಕರ್ನಲ್ಲಿನ ಮುಂದೆ ಹೋಗುತ್ತದೆ. ಹೀಗಾಗಿ ದಾಟಬೇಕಾದ ಬಾಗಿಲುಗಳು ಎರಡು: ಸಾಂಬಾದ ಸಂರಚನೆಯಲ್ಲಿ ಆ ಹಂಚಿಕೆಗೆ ಬರೆಯಲು ಅವಕಾಶವಿದೆಯೇ ಎಂಬುದು ಒಂದು, ಆ ಸಂಖ್ಯೆಗೆ ಕರ್ನಲ್ ಬರೆಯಲು ಬಿಡುತ್ತದೆಯೇ ಎಂಬುದು ಇನ್ನೊಂದು. ಯಾವುದು ಹೆಚ್ಚು ಬಿಗಿಯಾಗಿದೆಯೋ ಅದರ ಮಾತೇ ನಡೆಯುತ್ತದೆ. ಸಾಂಬಾದ ಸಂರಚನೆಯಲ್ಲಿ ಏನೂ ಹೇಳದಿದ್ದರೆ ಹಂಚಿಕೆಯು ಓದಲಿಕ್ಕೆ ಮಾತ್ರ ಎಂಬುದೂ ನೆನಪಿನಲ್ಲಿರಬೇಕು. ಬೇರೊಬ್ಬರ ಸಂಖ್ಯೆಯನ್ನು ಧರಿಸಲು ಸಾಂಬಾ ರೂಟ್ ಆಗಿ ಆರಂಭವಾಗಲೇಬೇಕು. ಭದ್ರತೆಯ ಕಾಳಜಿಯಿಂದ ಇಡೀ ಸಾಂಬಾ ಕಂಟೇನರನ್ನು 1000ದಂಥ ಸಾಮಾನ್ಯ ಸಂಖ್ಯೆಯಲ್ಲಿ ನಡೆಸಹೊರಟವರಿಗೆ ಅದು ಕೈಕೊಡುವುದು ಇದರಿಂದಲೇ.

ಇದನ್ನೆಲ್ಲ ಒಂದು ಕಲ್ಪಿತ ಉದಾಹರಣೆಯ ಮೇಲಿಟ್ಟು ನೋಡಬಹುದು. ಸಣ್ಣ ಪ್ರಕಾಶನ ಕಚೇರಿಯೊಂದರಲ್ಲಿ ಡಿಟಿಪಿ ಮಾಡುವವರು, ಕರಡು ತಿದ್ದುವವರು ಮತ್ತು ಸಂಪಾದಕರು ಒಂದು ಡೆಬಿಯನ್ ಯಂತ್ರದ ಫೋಲ್ಡರನ್ನು ಸಾಂಬಾ ಕಂಟೇನರಿನ ಮೂಲಕ ಬಳಸುತ್ತಾರೆ. ಹಳೆಯ ಕಂಪ್ಯೂಟರಿನ ಕಡತಗಳನ್ನು ಆಡಳಿತಗಾರರು ರೂಟ್ ಆಗಿ ನಕಲಿಸಿದ್ದಾರೆ, ಆದ್ದರಿಂದ ಅವುಗಳ ಮಾಲೀಕ ಸೊನ್ನೆ. ಲೇಖಕರು ಕಳಿಸುವ ಹಸ್ತಪ್ರತಿಗಳನ್ನು ಇನ್ನೊಂದು ಕಂಟೇನರಿನಲ್ಲಿರುವ ಜಾಲ ತಂತ್ರಾಂಶವು ಅದೇ ಫೋಲ್ಡರಿಗೆ ಇಳಿಸುತ್ತದೆ, ಅವುಗಳ ಮಾಲೀಕ 33. ಸಿಬ್ಬಂದಿ ತಾವೇ ಸೃಷ್ಟಿಸಿದವು 1000, 1001, 1002ರಂತೆ ಹಂಚಿಹೋಗಿವೆ. ಇಲ್ಲಿ ಕಾಣಿಸಿಕೊಳ್ಳುವ ಲಕ್ಷಣವು ನಿರ್ವಾಹಕರನ್ನು ದಿಕ್ಕುತಪ್ಪಿಸುವಂಥದ್ದು: ಕೆಲವು ಫೋಲ್ಡರುಗಳಲ್ಲಿ ಎಲ್ಲವೂ ಸರಿ, ಕೆಲವುಗಳಲ್ಲಿ ಓದಲಷ್ಟೇ ಸಾಧ್ಯ, ಇನ್ನು ಕೆಲವು ಕಡತಗಳು ಬೆಳಿಗ್ಗೆ ಉಳಿಸಲು ಬರುತ್ತಿದ್ದವು ಮಧ್ಯಾಹ್ನ ಬರುವುದಿಲ್ಲ.

ಬೆಳಿಗ್ಗೆ ಮತ್ತು ಮಧ್ಯಾಹ್ನದ ಈ ವ್ಯತ್ಯಾಸಕ್ಕೆ ಕಾರಣ ವರ್ಡ್‌ನಂಥ ತಂತ್ರಾಂಶಗಳು ಕಡತವನ್ನು ಉಳಿಸುವ ರೀತಿ. ಉಳಿಸುತ್ತಿರುವಾಗ ವಿದ್ಯುತ್ ಹೋದರೂ ಹಳೆಯ ಪ್ರತಿ ಕೆಡದಿರಲೆಂದು ಅವು ತಿದ್ದಿದ ಪಠ್ಯವನ್ನು ಹೊಸದೊಂದು ತಾತ್ಕಾಲಿಕ ಕಡತಕ್ಕೆ ಬರೆದು, ಹಳೆಯದನ್ನು ಪಕ್ಕಕ್ಕೆ ಸರಿಸಿ, ಹೊಸದಕ್ಕೆ ಹಳೆಯ ಹೆಸರನ್ನಿಡುತ್ತವೆ. ಪರಿಣಾಮವಾಗಿ ಹೆಸರು ಅದೇ ಇದ್ದರೂ ಐನೋಡ್ ಬೇರೆಯಾಗುತ್ತದೆ, ಮತ್ತು ಕಡೆಯ ಸಲ ಉಳಿಸಿದವರೇ ಅದರ ಮಾಲೀಕರಾಗುತ್ತಾರೆ. ಸಾಂಬಾ ಹೊಸ ಕಡತಗಳಿಗೆ ಬೇರೆ ಸೂಚನೆಯಿಲ್ಲದಾಗ ಗರಿಷ್ಠ 744 ಎಂಬ ಮಿತಿಯನ್ನು ಹಾಕುತ್ತದೆ, ಅಂದರೆ ಮಾಲೀಕನ ಹೊರತು ಮಿಕ್ಕವರಿಗೆಲ್ಲ ಓದು ಮಾತ್ರ. (ಪಠ್ಯ ಕಡತಕ್ಕೆ ಚಾಲನೆಯ ಹಕ್ಕು ಏಕೆ ಎಂಬ ಪ್ರಶ್ನೆ ಸಹಜವೇ, ಡಾಸ್ ಕಾಲದ ಆರ್ಕೈವ್ ಎಂಬ ಗುರುತನ್ನು ಇಡಲು ಬೇರೆ ಜಾಗವಿಲ್ಲದೆ ಹಿಂದೆ ಸಾಂಬಾ ಅದನ್ನು ಮಾಲೀಕನ ಚಾಲನೆಯ ಬಿಟ್ಟಿನಲ್ಲಿ ಇಡುತ್ತಿದ್ದುದರ ಗುರುತು ಅದು.) ಕರಡು ತಿದ್ದುವವರು ಒಮ್ಮೆ ಉಳಿಸಿದ ಕಡತವು ಡಿಟಿಪಿಯವರಿಗೆ ಓದಲಿಕ್ಕಷ್ಟೇ ಸಿಗುವುದು ಹೀಗೆ. ಯಾರೂ ಯಾವ ಅನುಮತಿಯನ್ನೂ ಬದಲಿಸಿರುವುದಿಲ್ಲ, ಕೆಲಸ ಮಾಡಿರುತ್ತಾರೆ ಅಷ್ಟೇ.

ಈ ಹಂತದಲ್ಲಿ ಬಹುಮಂದಿ ಹಿಡಿಯುವ ದಾರಿ ಇಡೀ ಫೋಲ್ಡರಿಗೆ 777 ಎಂಬ ಅನುಮತಿಯನ್ನು ಹಾಕುವುದು. ಅದರಿಂದ ಆ ಕ್ಷಣಕ್ಕೆ ಎಲ್ಲವೂ ತೆರೆದುಕೊಳ್ಳುವುದು ನಿಜ, ಆದರೆ ಅದನ್ನು ದುರಸ್ತಿ ಎನ್ನಲಾಗದು. ಆಗಲೇ ಇರುವ ಕಡತಗಳಿಗೆ ಮಾತ್ರ ಅದು ಅನ್ವಯಿಸುತ್ತದೆ, ಮುಂದೆ ಹುಟ್ಟುವವು ಹಳೆಯ ಮಿತಿಯಂತೆಯೇ ಹುಟ್ಟುತ್ತವೆ, ಆದ್ದರಿಂದ ತೊಂದರೆ ಸ್ವಲ್ಪ ಹೊತ್ತಿನಲ್ಲೇ ಮರಳುತ್ತದೆ. ಅದಕ್ಕಿಂತ ಗಂಭೀರವಾದದ್ದೆಂದರೆ, ಆ ಫೋಲ್ಡರನ್ನು ಜೋಡಿಸಿಕೊಂಡ ಯಾವುದೇ ಕಂಟೇನರಿನ ಯಾವುದೇ ತಂತ್ರಾಂಶವು, ಹೊರಜಗತ್ತಿಗೆ ತೆರೆದಿರುವ ಜಾಲ ತಂತ್ರಾಂಶವೂ ಸೇರಿದಂತೆ, ಇಡೀ ಕಚೇರಿಯ ಕಡತಗಳನ್ನು ಅಳಿಸಬಲ್ಲದಾಗುತ್ತದೆ; ಪಠ್ಯ ಮತ್ತು ಚಿತ್ರಗಳೆಲ್ಲ ಚಲಾಯಿಸಬಹುದಾದ ಕಡತಗಳಾಗುತ್ತವೆ. ಯಾರಿಗೆ ಏನು ಸಲ್ಲಬೇಕೆಂಬ ಹಿಂದಿನ ಮಾಹಿತಿ ಅಳಿದುಹೋಗುವುದರಿಂದ ಹಿಂದಿರುಗಿ ಹೋಗಲು ದಾರಿಯೂ ಉಳಿಯುವುದಿಲ್ಲ. ಹಂಚಿಕೆ ಸರ್ವರುಗಳ ಬಗ್ಗೆ ಕೊಡಲಾಗುವ ಸಲಹೆಗಳಲ್ಲಿ ಇಷ್ಟು ಹಾನಿಕರವಾದದ್ದು ಇನ್ನೊಂದಿಲ್ಲ.

ಸರಿಯಾದ ಪರಿಶೀಲನೆಯು ಹೆಸರುಗಳನ್ನು ಬದಿಗಿಟ್ಟು ಸಂಖ್ಯೆಗಳಿಂದ ಆರಂಭವಾಗಬೇಕು. ಕಡತಗಳ ಪಟ್ಟಿ ಕೊಡುವ ಎಲ್‌ಎಸ್ ಆಜ್ಞೆಗೆ ಎನ್ ಎಂಬ ಆಯ್ಕೆಯನ್ನು ಸೇರಿಸಿದರೆ ಮಾಲೀಕ ಮತ್ತು ಗುಂಪು ಸಂಖ್ಯೆಗಳಾಗಿಯೇ ಕಾಣಿಸುತ್ತವೆ. ಅದೇ ಆಜ್ಞೆಯನ್ನು ಹೋಸ್ಟಿನಲ್ಲೊಮ್ಮೆ, ಕಂಟೇನರಿನೊಳಗೊಮ್ಮೆ ಕೊಟ್ಟು ಎರಡನ್ನೂ ಹೋಲಿಸಬೇಕು. ಬಳಿಕ ಕಂಟೇನರಿನೊಳಗೆ ಐಡಿ ಎಂಬ ಆಜ್ಞೆಯಿಂದ, ಹಂಚಿಕೆಯ ಬಳಕೆದಾರರಿಗೆ ಅಲ್ಲಿ ಯಾವ ಸಂಖ್ಯೆಯಿದೆ, ಅವರು ಯಾವ ಗುಂಪುಗಳಲ್ಲಿದ್ದಾರೆ ಎಂಬುದನ್ನು ತಿಳಿಯಬೇಕು. ದಾರಿಯ ಪ್ರತಿ ಹಂತದ ಅನುಮತಿಯನ್ನು ಒಂದರ ಕೆಳಗೊಂದು ತೋರಿಸುವ ನೇಮ್‌ಐ ಎಂಬ ಆಜ್ಞೆ ಅಷ್ಟೇನೂ ಪ್ರಸಿದ್ಧವಲ್ಲದಿದ್ದರೂ, ಹಾದುಹೋಗುವ ಹಕ್ಕು ಎಲ್ಲಿ ಕಡಿದಿದೆ ಎಂಬುದನ್ನು ಒಂದೇ ನೋಟದಲ್ಲಿ ಹೇಳುತ್ತದೆ. ಈ ಮೂರರಿಂದ ಬಹುಪಾಲು ಪ್ರಕರಣಗಳ ಕಾರಣ ಹೊರಬೀಳುತ್ತದೆ. ಪರೀಕ್ಷಿಸುವಾಗ ವಿಂಡೋಸಿನ ಒಂದು ಸ್ವಭಾವದ ಬಗ್ಗೆ ಎಚ್ಚರ ಬೇಕು: ಒಂದೇ ಸರ್ವರಿಗೆ ಒಂದೇ ಹೊತ್ತಿನಲ್ಲಿ ಎರಡು ಹೆಸರುಗಳಲ್ಲಿ ಸಂಪರ್ಕಿಸಲು ಅದು ಬಿಡದೆ 1219 ಎಂಬ ದೋಷವನ್ನು ತೋರಿಸುತ್ತದೆ, ಮತ್ತು ಹಳೆಯ ಸಂಪರ್ಕವನ್ನು ಕಡಿಯುವವರೆಗೆ ಹಳೆಯ ಗುರುತಿನಲ್ಲೇ ಮುಂದುವರಿಯುತ್ತದೆ. ಗುಂಪಿಗೆ ಹೊಸದಾಗಿ ಸೇರಿಸಿದ ಸದಸ್ಯತ್ವವೂ ಮರುಸಂಪರ್ಕವಾಗುವವರೆಗೆ ಜಾರಿಗೆ ಬರುವುದಿಲ್ಲ. ಸರಿಯಾದ ತಿದ್ದುಪಡಿಯನ್ನೇ ಮಾಡಿ, ಫಲ ಕಾಣಲಿಲ್ಲವೆಂದು ಅದನ್ನು ಕೈಬಿಟ್ಟವರು ಅನೇಕರು.

ಪ್ರಕಾಶನ ಕಚೇರಿಯ ಉದಾಹರಣೆಯಲ್ಲಿ ಪರಿಹಾರವು ಒಂದು ತೀರ್ಮಾನದಿಂದ ಹೊರಡುತ್ತದೆ: ಆ ಫೋಲ್ಡರಿನ ಎಲ್ಲವೂ ಒಂದು ಗುಂಪಿಗೆ ಸೇರಬೇಕು, ಮತ್ತು ಆ ಗುಂಪಿನ ಸಂಖ್ಯೆ, 1500 ಎಂದಿರಲಿ, ಹೋಸ್ಟಿನಲ್ಲೂ ಪ್ರತಿ ಕಂಟೇನರಿನಲ್ಲೂ ಒಂದೇ ಆಗಿರಬೇಕು. ಹೋಸ್ಟಿನಲ್ಲಿ ಆ ಗುಂಪನ್ನು ಸೃಷ್ಟಿಸಿ, ಸಾಂಬಾ ಕಂಟೇನರಿನ ಸಂರಚನೆಯಲ್ಲಿ ಅದೇ ಸಂಖ್ಯೆಯ ಗುಂಪನ್ನು ಮಾಡಿ ಸಿಬ್ಬಂದಿಯನ್ನು ಅದಕ್ಕೆ ಸೇರಿಸಿ, ಜಾಲ ತಂತ್ರಾಂಶದ ಕಂಟೇನರಿಗೂ ಅದನ್ನು ಹೆಚ್ಚುವರಿ ಗುಂಪಾಗಿ ಕೊಡಬೇಕು. ಲಿನಕ್ಸ್‌ಸರ್ವರ್ ಎಂಬ ಸ್ವಯಂಸೇವಕರ ತಂಡ ಸಿದ್ಧಪಡಿಸುವ ಇಮೇಜುಗಳಲ್ಲಿ ಬಳಕೆದಾರನ ಮತ್ತು ಗುಂಪಿನ ಸಂಖ್ಯೆಗಳನ್ನು ಪಿಯುಐಡಿ, ಪಿಜಿಐಡಿ ಎಂಬ ಎರಡು ಚರಗಳಿಂದಲೇ ತಿಳಿಸಬಹುದು. ಅವು ರೂಟ್ ಆಗಿ ಆರಂಭಗೊಂಡು, ಒಳಗಿನ ಸಂಖ್ಯೆಗಳನ್ನು ತಿದ್ದಿಕೊಂಡು, ಆಮೇಲೆ ಆ ಸಂಖ್ಯೆಗೆ ಇಳಿಯುತ್ತವೆ. ಎಲ್ಲ ಇಮೇಜುಗಳೂ ಈ ಚರಗಳನ್ನು ಅರಿಯುವುದಿಲ್ಲವಾದ್ದರಿಂದ, ಕೊಟ್ಟ ಮಾತ್ರಕ್ಕೆ ಕೆಲಸವಾಯಿತೆಂದು ಭಾವಿಸಬಾರದು.

ಅನಂತರ ಕಂಟೇನರುಗಳನ್ನು ನಿಲ್ಲಿಸಿ, ಇರುವ ಕಡತಗಳ ಗುಂಪನ್ನು 1500ಕ್ಕೆ ಬದಲಿಸಿ, ಫೋಲ್ಡರುಗಳಿಗೆ 2775, ಕಡತಗಳಿಗೆ 664 ಎಂದು ಬೇರೆ ಬೇರೆಯಾಗಿ ಹಾಕಬೇಕು. ಮುಂದಿರುವ ಆ 2 ಎಂಬ ಅಂಕಿಯನ್ನು ಸೆಟ್‌ಜಿಐಡಿ ಎನ್ನುತ್ತಾರೆ. ಫೋಲ್ಡರಿನ ಮೇಲೆ ಅದಿದ್ದರೆ ಒಳಗೆ ಹೊಸದಾಗಿ ಹುಟ್ಟುವುದೆಲ್ಲ, ಹುಟ್ಟಿಸಿದವರ ಸ್ವಂತ ಗುಂಪಿಗೆ ಹೋಗದೆ, ಫೋಲ್ಡರಿನ ಗುಂಪಿಗೇ ಸೇರುತ್ತದೆ, ಒಳಗಿನ ಹೊಸ ಫೋಲ್ಡರುಗಳಿಗೂ ಅದೇ ಗುಣ ಬರುತ್ತದೆ. ಸಾಂಬಾದ ಸಂರಚನೆಯಲ್ಲಿ ಹೊಸ ಕಡತಗಳ ಮಿತಿಯನ್ನು 664ಕ್ಕೂ ಫೋಲ್ಡರುಗಳ ಮಿತಿಯನ್ನು 2775ಕ್ಕೂ ಏರಿಸಿ, ಗುಂಪಿಗೆ ಬರೆಯುವ ಹಕ್ಕು ಕಡ್ಡಾಯವಾಗಿ ಇರುವಂತೆ ಸೂಚಿಸಬೇಕು. ಯುಮಾಸ್ಕ್ ಎಂಬ, ಹೊಸ ಕಡತಗಳಿಂದ ಕೆಲವು ಹಕ್ಕುಗಳನ್ನು ಕಳೆಯುವ ಯುನಿಕ್ಸ್ ಸೌಲಭ್ಯವನ್ನು ಕಂಟೇನರಿನಲ್ಲಿ ಬದಲಿಸಿ ಸಾಂಬಾ ಸರಿಹೋಗಲಿಲ್ಲವೆಂದು ಬೇಸರಪಡುವವರಿದ್ದಾರೆ. ಸಾಂಬಾ ಅದನ್ನು ಸೊನ್ನೆಗೆ ಇಳಿಸಿ ತನ್ನ ಮಿತಿಗಳನ್ನೇ ನಂಬುವುದರಿಂದ ಆ ಬದಲಾವಣೆ ಅಲ್ಲಿ ನಿಷ್ಫಲ, ಆದರೆ ಜಾಲ ತಂತ್ರಾಂಶದ ಕಂಟೇನರಿನಲ್ಲಿ ಯುಮಾಸ್ಕನ್ನು 002 ಮಾಡುವುದು ಅಗತ್ಯ. ಇಷ್ಟಾದ ಮೇಲೆ ಮಾಲೀಕನ ಸಂಖ್ಯೆ ಪ್ರತಿ ಸಲ ಉಳಿಸಿದಾಗಲೂ ಬದಲಾಗುತ್ತಿದ್ದರೂ ಯಾರ ಕೆಲಸವೂ ನಿಲ್ಲುವುದಿಲ್ಲ, ಮತ್ತು ಕಡೆಯದಾಗಿ ಉಳಿಸಿದವರು ಯಾರೆಂಬ ಮಾಹಿತಿಯೂ ಕಳೆದುಹೋಗುವುದಿಲ್ಲ.

ಇದಕ್ಕಿಂತ ಸುಲಭದ ದಾರಿಯೂ ಒಂದಿದೆ. ಸಾಂಬಾಕ್ಕೆ ಯಾರೇ ಬಂದರೂ ಕರ್ನಲ್ಲಿನ ಮುಂದೆ ಒಂದೇ ಬಳಕೆದಾರನಾಗಿ ವರ್ತಿಸುವಂತೆ ಹೇಳುವ ಫೋರ್ಸ್ ಯೂಸರ್ ಎಂಬ ಸೂಚನೆಯಿಂದ ಎಲ್ಲ ಕಡತಗಳೂ ಒಂದೇ ಸಂಖ್ಯೆಯಲ್ಲಿ ಹುಟ್ಟುತ್ತವೆ. ಮನೆಯ ಛಾಯಾಚಿತ್ರಗಳ ಸಂಗ್ರಹಕ್ಕೆ ಅದು ಧಾರಾಳವಾಗಿ ಸಾಕು. ಹಲವರು ಹೊಣೆ ಹಂಚಿಕೊಳ್ಳುವ ಕಚೇರಿಯಲ್ಲಿ ಮಾತ್ರ ಯಾರು ಏನು ಮಾಡಿದರೆಂಬುದು ಕಡತದಿಂದ ತಿಳಿಯದಂತಾಗುವುದು ನಷ್ಟವೇ. ಇನ್ನು, ಒಂದೇ ಫೋಲ್ಡರಿನಲ್ಲಿ ಎರಡು ಗುಂಪುಗಳಿಗೆ ಬೇರೆ ಬೇರೆ ಹಕ್ಕುಗಳು ಬೇಕಾದಾಗ ಒಂಬತ್ತು ಬಿಟ್‌ಗಳು ಸಾಲದೆ ಹೆಚ್ಚುವರಿ ಅನುಮತಿ ಪಟ್ಟಿಗಳನ್ನು ಬಳಸಬೇಕಾಗುತ್ತದೆ; ಆಗ ಎಲ್‌ಎಸ್ ತೋರಿಸುವ ಅನುಮತಿಯ ಅಕ್ಷರಗಳ ಕೊನೆಗೆ ಕೂಡಿಸುವ ಚಿಹ್ನೆ ಕಾಣಿಸಿಕೊಳ್ಳುತ್ತದೆ, ಮತ್ತು ಗುಂಪಿನ ಜಾಗದಲ್ಲಿ ಕಾಣುವ ಬಿಟ್‌ಗಳು ಗುಂಪಿನವಾಗಿರದೆ, ಮಾಲೀಕ ಮತ್ತು ಉಳಿದವರ ಹೊರತು, ಇಡೀ ಅನುಮತಿ ಪಟ್ಟಿಯ ಮೇಲ್ಮಿತಿಯಾಗಿರುತ್ತವೆ. ಇದನ್ನರಿಯದೆ ಹಳೆಯ ಅಭ್ಯಾಸದಂತೆ ಗುಂಪಿನ ಬಿಟ್‌ಗಳನ್ನು ಇಳಿಸಿದರೆ ಆ ಮಿತಿಗೆ ಒಳಪಟ್ಟ ಎಲ್ಲರ ಹಕ್ಕೂ ಒಟ್ಟಿಗೆ ಕುಗ್ಗುತ್ತದೆ.

ಸಂಖ್ಯೆಗಳು ಸರಿಯಾಗಿದ್ದೂ ನಿರಾಕರಣೆ ಬರುವ ಸಂದರ್ಭಗಳು ಕೆಲವಿವೆ. ಫೆಡೋರಾ ಮತ್ತು ರೆಡ್ ಹ್ಯಾಟ್ ವ್ಯವಸ್ಥೆಗಳಲ್ಲಿ ಎಸ್‌ಇಲಿನಕ್ಸ್ ಎಂಬ ಇನ್ನೊಂದು ಕಾವಲು ಪದರವಿದ್ದು, ಕಡತಕ್ಕೆ ಕಂಟೇನರಿನದೆಂಬ ಗುರುತುಪಟ್ಟಿ ಇಲ್ಲದಿದ್ದರೆ ಅದು ತಡೆಯುತ್ತದೆ. ಜೋಡಣೆಯ ಕೊನೆಗೆ ಝಡ್ ಎಂಬ ಅಕ್ಷರವನ್ನು ಸೇರಿಸಿದರೆ ಗುರುತು ಬೀಳುತ್ತದೆ. ಎಕ್ಸ್‌ಫ್ಯಾಟ್ ರೂಪದಲ್ಲಿರುವ ಹೊರ ಡಿಸ್ಕುಗಳಲ್ಲಿ ಮಾಲೀಕನ ಸಂಖ್ಯೆಯನ್ನು ಬರೆಯಲು ಜಾಗವೇ ಇಲ್ಲವಾದ್ದರಿಂದ ಅಲ್ಲಿ ಡಿಸ್ಕನ್ನು ಜೋಡಿಸುವಾಗಲೇ ಸಂಖ್ಯೆಯನ್ನು ಹೇಳಬೇಕು.

ಹೆಚ್ಚಿನ ವಿವರಣೆ ಬೇಕಾಗುವುದು ಬಳಕೆದಾರರ ನೇಮ್‌ಸ್ಪೇಸ್‌ಗೆ. 2013ರ ಆರಂಭದಲ್ಲಿ ಬಂದ ಲಿನಕ್ಸ್ 3.8ರಲ್ಲಿ ಪೂರ್ಣರೂಪ ಪಡೆದ ಈ ಸೌಲಭ್ಯವು ಕಂಟೇನರಿನೊಳಗಿನ ಸಂಖ್ಯೆಗಳನ್ನು ಹೋಸ್ಟಿನ ಬೇರೆ ಸಂಖ್ಯೆಗಳಿಗೆ ಹೊಂದಿಸುತ್ತದೆ, ಇದರಿಂದ ಒಳಗೆ ರೂಟ್ ಎನಿಸಿಕೊಂಡವನು ಹೊರಗೆ ಯಾವ ವಿಶೇಷ ಅಧಿಕಾರವೂ ಇಲ್ಲದವನಾಗಿರುತ್ತಾನೆ. ಡಾಕರ್ ಸಾಮಾನ್ಯ ಸ್ಥಾಪನೆಯಲ್ಲಿ ಇದನ್ನು ಬಳಸುವುದಿಲ್ಲ, ಡಾಕರಿನಂಥದೇ ಕೆಲಸ ಮಾಡುವ, ರೂಟ್ ಇಲ್ಲದೆ ನಡೆಯುವ ಪಾಡ್‌ಮನ್ ಬಳಸುತ್ತದೆ. ಹೋಸ್ಟಿನ 1000ನೆಯ ಬಳಕೆದಾರನಿಗೆ 100000ದಿಂದ ಆರಂಭವಾಗುವ 65536 ಸಂಖ್ಯೆಗಳನ್ನು ಮೀಸಲಿಟ್ಟಿದ್ದರೆ, ಪಾಡ್‌ಮನ್ನಿನ ಕಂಟೇನರಿನೊಳಗಿನ ಸೊನ್ನೆಯು ಹೊರಗೆ 1000 ಆಗಿಯೂ, ಒಳಗಿನ 1 ಹೊರಗೆ 100000 ಆಗಿಯೂ, ಒಳಗಿನ 1000 ಹೊರಗೆ 100999 ಆಗಿಯೂ ಇರುತ್ತವೆ. ಈ ಹೊಂದಾಣಿಕೆಯಲ್ಲಿ ಸ್ಥಾನವಿಲ್ಲದ ಹೊರಗಿನ ಸಂಖ್ಯೆಗಳೆಲ್ಲ ಒಳಗೆ 65534, ಅಂದರೆ ನೋಬಡಿ ಎಂದು ಕಾಣುತ್ತವೆ, ಮತ್ತು ಅವುಗಳ ಮಾಲೀಕತ್ವವನ್ನು ಒಳಗಿನ ರೂಟ್ ಕೂಡ ಬದಲಿಸಲಾರ. ಪಟ್ಟಿಯಲ್ಲಿ ನೋಬಡಿ ಎಂದು ಕಂಡಾಗ ಕಂಟೇನರಿನ ಒಳಗೆ ಹೆಣಗುವುದನ್ನು ಬಿಟ್ಟು ಹೋಸ್ಟಿಗೆ ಹೋಗಿ ನೋಡಬೇಕು. 2021ರ ಲಿನಕ್ಸ್ 5.12ರಿಂದ, ಡಿಸ್ಕಿನಲ್ಲಿರುವ ಸಂಖ್ಯೆಗಳನ್ನು ಮುಟ್ಟದೆ ಜೋಡಣೆಯ ಹಂತದಲ್ಲಿಯೇ ಅವುಗಳನ್ನು ಬೇರೆಯಾಗಿ ಕಾಣಿಸುವ ಸೌಲಭ್ಯವೂ ಕರ್ನಲ್ಲಿಗೆ ಬಂದಿದೆ. ಬೈಂಡ್ ಮೌಂಟ್‌ನಲ್ಲಿ ಇಷ್ಟು ಕಾಲ ಇಲ್ಲದಿದ್ದ ಅನುವಾದವನ್ನು ಅದು ಕೊನೆಗೂ ಒದಗಿಸುತ್ತದೆ.

ಇಷ್ಟು ಶ್ರಮಪಟ್ಟು ಹೊಂದಿಸಿದ ಸಂಖ್ಯೆಗಳನ್ನು ಒಂದೇ ಆಜ್ಞೆಯಲ್ಲಿ ಕೆಡಿಸಬಲ್ಲ ಸಂದರ್ಭವೆಂದರೆ ಬ್ಯಾಕಪ್‌ನಿಂದ ಕಡತಗಳನ್ನು ಮರಳಿ ತರುವುದು. ಟಾರ್ ಎಂಬ ಹಳೆಯ ಕಟ್ಟುವ ತಂತ್ರಾಂಶವು ಕಡತದೊಂದಿಗೆ ಮಾಲೀಕನ ಸಂಖ್ಯೆಯನ್ನೂ ಹೆಸರನ್ನೂ ಬರೆದಿಡುತ್ತದೆ, ಮತ್ತು ರೂಟ್ ಆಗಿ ಬಿಚ್ಚುವಾಗ, ಆ ಹೆಸರು ಹೊಸ ಯಂತ್ರದಲ್ಲಿ ಇದ್ದರೆ, ಸಂಖ್ಯೆಯನ್ನು ಬಿಟ್ಟು ಹೆಸರನ್ನು ನಂಬುತ್ತದೆ. ಮಾಲೀಕತ್ವವನ್ನು ಉಳಿಸುವಂತೆ ಹೇಳಿ ಕಡತಗಳನ್ನು ನಕಲಿಸುವ ಆರ್‌ಸಿಂಕ್ ತಂತ್ರಾಂಶವನ್ನು ರೂಟ್ ಆಗಿ ನಡೆಸಿದಾಗ ಅದು ಮಾಡುವುದೂ ಇದನ್ನೇ. ಮನುಷ್ಯರು ಮಾತ್ರ ಬಳಸುವ ಯಂತ್ರಗಳಿಗೆ ಈ ಕ್ರಮ ಸರಿಯಾಗಿತ್ತು, ಆದರೆ ಕಂಟೇನರುಗಳ ದತ್ತಾಂಶಕ್ಕೆ ಅದು ತಪ್ಪು, ಏಕೆಂದರೆ ಹೋಸ್ಟಿನಲ್ಲಿ ಆ ಸಂಖ್ಯೆಗೆ ಕಾಕತಾಳೀಯವಾಗಿ ಅಂಟಿಕೊಂಡ ಹೆಸರಿಗೂ ಕಂಟೇನರಿಗೂ ಸಂಬಂಧವಿರುವುದಿಲ್ಲ. ಎರಡು ತಂತ್ರಾಂಶಗಳಲ್ಲೂ ಹೆಸರನ್ನು ಕಡೆಗಣಿಸಿ ಸಂಖ್ಯೆಯನ್ನೇ ಉಳಿಸುವ ಆಯ್ಕೆಯಿದೆ. ಕಂಟೇನರುಗಳ ಕಡತಗಳನ್ನು ಬ್ಯಾಕಪ್ ಮಾಡುವವರು ಆ ಆಯ್ಕೆಯನ್ನು ತಮ್ಮ ಆಜ್ಞೆಗಳಲ್ಲಿ ಇಂದೇ ಸೇರಿಸಿಕೊಳ್ಳಬೇಕು, ಮತ್ತು ಯಾವ ಫೋಲ್ಡರಿಗೆ ಯಾವ ಸಂಖ್ಯೆ ಸಲ್ಲುತ್ತದೆ ಎಂಬುದನ್ನು ಆ ಬ್ಯಾಕಪ್ಪಿನ ಜೊತೆಯಲ್ಲಿಯೇ ಬರೆದಿಡಬೇಕು.